ದೇವಿಮನೆ ಘಟ್ಟವೂ ಜರ್ಮನಿಯ ‘ಹಸಿರು ನರಕ’ವೂ ಒಂದೇನಾ?

ಪ್ರಶ್ನೆ: ಸರ್, ನಮ್ಮದು ಶಿರಸಿ ಹತ್ತಿರದ ಒಂದು ಹಳ್ಳಿ. ಮಗನಿಗೆ 23 ವರ್ಷ. ಬೆಂಗಳೂರಿನಲ್ಲಿ ಕೆಲಸ. ಮಳೆಗಾಲ ಶುರುವಾದಾಗಿನಿಂದ ಮನೆಯಿಂದಲೇ ಮಾಡುತ್ತಿದ್ದಾನೆ. ರಾತ್ರಿಯೆಲ್ಲ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಎಂಬ ರೇಸ್ ಟ್ರ್ಯಾಕಿನ ವಿಡಿಯೊ ನೋಡುತ್ತಾನೆ. ಕಂಪ್ಯೂಟರಿಗೆ ಸ್ಟೀರಿಂಗ್ ಜೋಡಿಸಿಕೊಂಡು ಅದೇ ಟ್ರ್ಯಾಕಿನ ಗೇಮ್ ಆಡುತ್ತಾನೆ. ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಐದಕ್ಕೇ ಎದ್ದು ಇಬ್ಬರು ಗೆಳೆಯರ ಜೊತೆ ಬೈಕಿನಲ್ಲಿ ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟಕ್ಕೆ ಹೋಗುತ್ತಾನೆ. ರಾಗಿಹೊಸಳ್ಳಿಯಿಂದ ಕತಗಾಲಿಗೆ ಎಷ್ಟು ನಿಮಿಷ ಎಂದು ಫೋನಿನಲ್ಲಿ ಟೈಮ್ ಹಿಡಿಯುತ್ತಾರಂತೆ. ಕೇಳಿದರೆ, ‘ಅಮ್ಮಾ, ಆ ಟ್ರ್ಯಾಕೂ ನಮ್ಮ ಘಟ್ಟದ ಥರಾನೇ. ಕಾಡು, ಮಳೆ, ಮಂಜು, ತಿರುವು ಎಲ್ಲಾ ಇದೆ. ಟಿಕೆಟ್ ತೆಗೆದುಕೊಂಡರೆ ಯಾರು ಬೇಕಾದರೂ ಓಡಿಸಬಹುದು. ಇಲ್ಲಿ ಕಲಿತು ಅಲ್ಲಿಗೆ ಹೋಗ್ತೇನೆ’ ಎನ್ನುತ್ತಾನೆ. ಅದಕ್ಕೆ ಹಣವನ್ನೂ ಕೂಡಿಡುತ್ತಿದ್ದಾನೆ. ಅವನು ಹೇಳುವುದು ನಿಜವೇ? ಆ ಟ್ರ್ಯಾಕ್ ಎಂಥದ್ದು? ನಾನು ಬೈಕಿನ ಕೀಲಿ ಬಚ್ಚಿಡಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಒಂದು ಮುಂದೆಂದೋ ಹೋಗುವ ಜರ್ಮನಿಯದು. ಇನ್ನೊಂದು ಈ ಭಾನುವಾರದ ದೇವಿಮನೆಯದು. ತುರ್ತು ಇರುವುದು ಎರಡನೆಯದಕ್ಕೆ. ಆದರೂ ನಾನು ಜರ್ಮನಿಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಮಗ ಆ ಟ್ರ್ಯಾಕನ್ನು ಮನಸಾರೆ ಪ್ರೀತಿಸುತ್ತಾನೆ ಅಂತ ಕಾಣುತ್ತದೆ. ಅದರ ಕಥೆ ಪೂರ್ತಿ ಗೊತ್ತಾದರೆ, ಸಾರ್ವಜನಿಕ ಘಟ್ಟದಲ್ಲಿ ಟೈಮ್ ಹಿಡಿಯುವ ಕೆಲಸವನ್ನು ಅವನೇ ಬಿಟ್ಟಾನು. ಅದಕ್ಕೇ ಈ ಉತ್ತರವನ್ನು ಅವನಿಗೂ ಓದಲು ಕೊಡಿ.

ನಾನು ಅಂಕೋಲೆಯವನು. ಹದಿನಾಲ್ಕು ವರ್ಷ ಕಾರಿನ ಸಸ್ಪೆನ್ಷನ್, ಅಂದರೆ ಚಕ್ರದ ಕುಲುಕಾಟ ತಡೆಯುವ ಭಾಗ, ಪರೀಕ್ಷೆ ಮಾಡುವ ಎಂಜಿನಿಯರ್ ಆಗಿದ್ದೆ. ಅದರಲ್ಲಿ ಆರು ವರ್ಷ ಜರ್ಮನಿಯಲ್ಲಿ ಕಳೆದೆ. ಕೆಲಸದ ಮೇಲೂ, ರಜೆಯ ದಿನ ಕೈಯಿಂದ ಹಣ ಕೊಟ್ಟೂ ನ್ಯೂರ್ಬರ್ಗ್‌ರಿಂಗಿನಲ್ಲಿ ಓಡಿಸಿದ್ದೇನೆ. ಈಗ ಕಾರವಾರದಲ್ಲಿದ್ದೇನೆ. ಅರಬೈಲು, ದೇವಿಮನೆ ಎರಡೂ ಘಟ್ಟ ಹತ್ತಿ ಇಳಿಯುವುದು ತಿಂಗಳಿಗೊಮ್ಮೆಯಾದರೂ ಇದ್ದೇ ಇದೆ.

ಮೊದಲು ನಿಮ್ಮ ಮಗ ಹೇಳಿದ್ದರಲ್ಲಿ ಸರಿ ಇರುವುದನ್ನು ಒಪ್ಪಿಕೊಳ್ಳೋಣ. ಆ ಟ್ರ್ಯಾಕ್ ನಿಜಕ್ಕೂ ಘಟ್ಟದ ರಸ್ತೆಯ ಹಾಗೇ ಕಾಣುತ್ತದೆ. ಜರ್ಮನಿಯ ಪಶ್ಚಿಮಕ್ಕೆ ಐಫೆಲ್ ಎಂಬ ಗುಡ್ಡಗಾಡು ಇದೆ. ಅಲ್ಲಿ ನ್ಯೂರ್ಬರ್ಗ್ ಎಂಬ ಸಣ್ಣ ಹಳ್ಳಿ, ಹಳ್ಳಿಯ ಮೇಲೆ ಒಂದು ಹಳೇ ಕೋಟೆ. ಈ ಕೋಟೆಗೂ ಹಳ್ಳಿಗೂ ಸುತ್ತು ಹಾಕಿಕೊಂಡು ಕಾಡಿನೊಳಗೆ ಹೋಗುವ ಸುತ್ತಿಗೆ ನೋರ್ಡ್‌ಶ್ಲೈಫೆ, ಅಂದರೆ ಉತ್ತರದ ಸುತ್ತು ಎಂದು ಹೆಸರು. ಒಂದು ಸುತ್ತಿಗೆ 20.832 ಕಿಲೋಮೀಟರ್. ಅಧಿಕೃತ ಲೆಕ್ಕದಲ್ಲಿ 73 ತಿರುವು. ಎತ್ತರದ ಜಾಗಕ್ಕೂ ತಗ್ಗಿನ ಜಾಗಕ್ಕೂ ಸುಮಾರು 300 ಮೀಟರ್ ಅಂತರ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆಯಲ್ಲ, ಆ ಟ್ರ್ಯಾಕಿನ ಎತ್ತರದ ಭಾಗವೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಒಂದು ಕಡೆ ಬಿಸಿಲು ಬಿದ್ದಿರುತ್ತದೆ, ಹತ್ತು ಕಿಲೋಮೀಟರ್ ಆಚೆ ಮಳೆ ಸುರಿಯುತ್ತಿರುತ್ತದೆ. ಬಂಡಲದಲ್ಲಿ ಕೊಡೆ ಬಿಚ್ಚಿ ಕತಗಾಲಿನಲ್ಲಿ ಮಡಚಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಮೊದಲ ಸಲ ಅಲ್ಲಿಗೆ ಹೋದಾಗ ಒದ್ದೆ ಎಲೆಯ ವಾಸನೆಗೆ ನನಗೆ ಊರೇ ನೆನಪಾಗಿತ್ತು.

ಈಗ ಅದು ಹುಟ್ಟಿದ ಕಥೆ. ನಿಮ್ಮ ಮಗ ನೋಡುವ ವಿಡಿಯೊಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ.

1920ರ ದಶಕದ ಆರಂಭದಲ್ಲಿ ಐಫೆಲ್‌ನ ಜನ ನಿಮ್ಮ ಮಗ ಮಾಡುತ್ತಿರುವುದನ್ನೇ ಮಾಡುತ್ತಿದ್ದರು. 1922ರಲ್ಲಿ ಅಲ್ಲಿ ಶುರುವಾದ ಐಫೆಲ್ ರೇಸ್ ನಡೆದದ್ದು ಊರೂರಿನ ನಡುವೆ ಹಾಯುವ ಸಾರ್ವಜನಿಕ ರಸ್ತೆಯಲ್ಲಿ. ಬೈಕು, ಕಾರು ಎಲ್ಲವೂ ಅದೇ ರಸ್ತೆಯಲ್ಲಿ. ಇದು ಹೀಗೇ ನಡೆದರೆ ಓಡಿಸುವವರಿಗೂ ಊರಿನವರಿಗೂ ಉಳಿಗಾಲವಿಲ್ಲ ಎಂಬುದು ಬೇಗ ಗೊತ್ತಾಯಿತು. ಇನ್ನೊಂದು ಕಡೆ ಯುದ್ಧ ಸೋತ ಜರ್ಮನಿಯಲ್ಲಿ ಕೆಲಸವಿಲ್ಲ. ಐಫೆಲ್ ಅಂತೂ ಬಡ ಪ್ರದೇಶ. ಆಡೆನೌ ಪಟ್ಟಣದ ಜಿಲ್ಲಾಡಳಿತದ ಮುಖ್ಯಸ್ಥ ಓಟೊ ಕ್ರೊಯ್ಟ್ಸ್ ಈ ಎರಡು ತೊಂದರೆಗೂ ಒಂದೇ ದಾರಿ ಹುಡುಕಿದರು. ರೇಸಿಗೆಂದೇ ಬೇರೆ ರಸ್ತೆ ಕಟ್ಟುವುದು, ಅದರಿಂದ ಜನರಿಗೆ ಕೂಲಿ ಸಿಗುವಂತೆ ಮಾಡುವುದು. 1925ರ ಸೆಪ್ಟೆಂಬರಿನಲ್ಲಿ ಅಡಿಗಲ್ಲು ಬಿತ್ತು. ಸಾವಿರಾರು ಜನ ದುಡಿದರು. 1927ರ ಜೂನಿನಲ್ಲಿ ಟ್ರ್ಯಾಕ್ ಶುರುವಾಯಿತು. ಮೊದಲ ಕಾರ್ ರೇಸನ್ನು ಮರ್ಸಿಡಿಸ್ ಓಡಿಸಿದ ರುಡಾಲ್ಫ್ ಕರಾಚಿಯೋಲಾ ಗೆದ್ದರು. ಆಗ ಉತ್ತರ, ದಕ್ಷಿಣ ಎರಡೂ ಸುತ್ತು ಸೇರಿ 28 ಕಿಲೋಮೀಟರಿಗೂ ಜಾಸ್ತಿ ಉದ್ದವಿತ್ತು. ರೇಸ್ ಇಲ್ಲದ ದಿನ ಹಣ ಕೊಟ್ಟು ಯಾರು ಬೇಕಾದರೂ ಓಡಿಸಬಹುದು ಎಂಬ ಪದ್ಧತಿಯೂ ಅಂದಿನಿಂದಲೇ ಬಂದದ್ದು.

ಇದೇ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಘಟ್ಟದ ರಸ್ತೆಯಲ್ಲಿ ರೇಸ್ ಬೇಡ ಎಂದೇ ಆ ಟ್ರ್ಯಾಕ್ ಹುಟ್ಟಿತು. ‘ಅದೂ ಘಟ್ಟದ ಥರಾನೇ’ ಎನ್ನುವವರು ನೂರು ವರ್ಷದ ಹಿಂದೆ ಐಫೆಲ್‌ನವರು ಬಿಟ್ಟು ಬಂದ ಜಾಗಕ್ಕೆ ವಾಪಸು ಹೋಗುತ್ತಿದ್ದಾರೆ.

ಹಾಗಾದರೆ ಅಲ್ಲಿ ಅಪಾಯ ಇಲ್ಲವೇ? ಇದೆ, ಬೇಕಾದಷ್ಟು. ಈಗಿನ ಕಾಲದ ಟ್ರ್ಯಾಕಿಗೆ ಹೋಲಿಸಿದರೆ ಅದು ಬೇರೆಯೇ ಜಾತಿ. 2011ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಶುರುವಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ತೆಗೆದುಕೊಳ್ಳಿ. ಉದ್ದ 5 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ತಿರುವಿನಲ್ಲಿ ತಪ್ಪಿದರೆ ಗಾಡಿ ನಿಲ್ಲಿಸಿಕೊಳ್ಳಲು ಹೊರಗೆ ವಿಶಾಲ ಜಾಗ ಬಿಟ್ಟಿದ್ದಾರೆ. ನೋರ್ಡ್‌ಶ್ಲೈಫೆಯಲ್ಲಿ ಬಹುಪಾಲು ಕಡೆ ಹಾಗಿಲ್ಲ. ಡಾಂಬರು ಮುಗಿದ ಮೇಲೆ ಒಂದಿಷ್ಟು ಹುಲ್ಲು, ಅದರ ಪಕ್ಕದಲ್ಲೇ ಕಬ್ಬಿಣದ ತಡೆಪಟ್ಟಿ, ಅದರ ಹಿಂದೆ ಮರ. ಗುಡ್ಡ ಹೇಗೆ ಏರಿಳಿಯುತ್ತದೋ ರಸ್ತೆಯೂ ಹಾಗೇ ಏರಿಳಿಯುತ್ತದೆ. ಗುಡ್ಡ ಕಡಿದು ಸಪಾಟು ಮಾಡುವ ಯಂತ್ರ ಆಗ ಎಲ್ಲಿತ್ತು?

ಅಲ್ಲಿನ ಜಾಗಗಳ ಹೆಸರಿನಲ್ಲೇ ಅದರ ಗುಣ ಗೊತ್ತಾಗುತ್ತದೆ. ‘ನರಿಯ ಕೊಳವೆ’ ಎಂಬ ಇಳಿಜಾರು ಇದೆ. ಪೂರ್ತಿ ವೇಗದಲ್ಲಿ ಇಳಿದು ತಳ ಮುಟ್ಟಿದಾಗ ಹೊಟ್ಟೆಯೊಳಗಿನದೆಲ್ಲ ಕೆಳಕ್ಕೆ ಒತ್ತುತ್ತದೆ. ಸಸ್ಪೆನ್ಷನ್ ಅಲ್ಲಿ ಕೊನೆಯವರೆಗೆ ಕುಗ್ಗುತ್ತದೆ. ಕಾರು ಕಂಪನಿಗಳು ದೂರದಿಂದ ಅಲ್ಲಿಗೆ ಪರೀಕ್ಷೆಗೆ ಬರುವುದೇ ಇಂಥ ಜಾಗಗಳಿಗಾಗಿ. ನಾವು ಪ್ರಯೋಗಾಲಯದಲ್ಲಿ ವಾರಗಟ್ಟಲೆ ಹುಡುಕಿದರೂ ಸಿಗದ ದೋಷ ಅಲ್ಲಿ ಒಂದೇ ಸುತ್ತಿನಲ್ಲಿ ಹೊರಬಿದ್ದದ್ದನ್ನು ಕಂಡಿದ್ದೇನೆ. ‘ಫ್ಲೂಗ್‌ಪ್ಲಾಟ್ಸ್’ ಎಂದರೆ ವಿಮಾನ ಇಳಿಯುವ ಜಾಗ. ಹತ್ತಿರದಲ್ಲಿ ಹಿಂದೆ ಗ್ಲೈಡರ್ ಹಾರಿಸುತ್ತಿದ್ದರು, ಅದಕ್ಕೆ ಆ ಹೆಸರು. ಅಲ್ಲಿ ರಸ್ತೆ ದಿಬ್ಬದ ಹಾಗೆ ಉಬ್ಬಿದೆ. 2015ರಲ್ಲಿ ಒಂದು ರೇಸ್ ಕಾರು ಅಲ್ಲಿ ಗಾಳಿಗೆದ್ದು ಬೇಲಿ ದಾಟಿತು. ನೋಡಲು ಬಂದಿದ್ದ ಒಬ್ಬರು ತೀರಿಕೊಂಡರು. ಆಮೇಲೆ ಆ ಉಬ್ಬನ್ನು ಸವರಿ ತಗ್ಗಿಸಿದರು. ‘ಕಾರುಸೆಲ್’ ಎಂಬ ತಿರುವು ಇನ್ನೂ ವಿಶೇಷ. ಅದರ ಒಳಬದಿಯಲ್ಲಿ ಮೊದಲು ಇದ್ದದ್ದು ನೀರು ಹರಿಯುವ ಗಟಾರ. ಕರಾಚಿಯೋಲಾ ಗಟಾರದೊಳಗೇ ಚಕ್ರ ಇಳಿಸಿ ವೇಗವಾಗಿ ತಿರುಗಿಸಿದರು ಎಂದು ಅಲ್ಲಿನವರು ಹೇಳುತ್ತಾರೆ. ಆಮೇಲೆ ಅದನ್ನೇ ಕಾಂಕ್ರೀಟಿನಲ್ಲಿ ಓರೆಯಾಗಿ ಕಟ್ಟಿದರು. ಇವತ್ತಿಗೂ ಅದರೊಳಗೆ ಇಳಿದರೆ ಹಲ್ಲು ಕಟಕಟ ಎನ್ನುತ್ತದೆ. ಇದನ್ನು ಓದಿ ನಮ್ಮ ಘಟ್ಟದ ಗಟಾರಕ್ಕೆ ಯಾರೂ ಚಕ್ರ ಇಳಿಸಬೇಡಿ. ಅದರೊಳಗೆ ಧರೆಯಿಂದ ಬಿದ್ದ ಕಲ್ಲು ಇರುತ್ತದೆ.

ಈ ಟ್ರ್ಯಾಕಿಗೆ ‘ಹಸಿರು ನರಕ’ ಎಂಬ ಹೆಸರು ಕೊಟ್ಟದ್ದು ಸ್ಕಾಟ್ಲೆಂಡಿನ ರೇಸ್ ಚಾಲಕ ಜಾಕಿ ಸ್ಟೀವರ್ಟ್. 1968ರಲ್ಲಿ ಮಳೆ, ದಟ್ಟ ಮಂಜಿನ ನಡುವೆ ಅಲ್ಲಿನ ಫಾರ್ಮುಲಾ ಒನ್ ರೇಸನ್ನು ಅವರು ನಾಲ್ಕು ನಿಮಿಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ಅಂಥ ಗೆಲುವಿನ ಮೇಲೂ ಆ ಟ್ರ್ಯಾಕನ್ನು ಸುರಕ್ಷಿತ ಮಾಡಬೇಕೆಂದು ಗಟ್ಟಿಯಾಗಿ ಹೋರಾಡಿದವರಲ್ಲಿ ಅವರೇ ಮುಂದೆ ಇದ್ದರು. 1970ರಲ್ಲಿ ಚಾಲಕರೆಲ್ಲ ಸೇರಿ ಅಲ್ಲಿ ಓಡಿಸುವುದಿಲ್ಲ ಎಂದರು. ಆ ವರ್ಷದ ಜರ್ಮನ್ ರೇಸ್ ಹಾಕೆನ್‌ಹೈಮ್ ಎಂಬ ಬೇರೆ ಟ್ರ್ಯಾಕಿಗೆ ಹೋಯಿತು. ತಡೆಪಟ್ಟಿ ಹಾಕಿ, ಉಬ್ಬುತಗ್ಗು ಸವರಿದ ಮೇಲೆ 1971ರಲ್ಲಿ ವಾಪಸು ಬಂದರು.

ಆಮೇಲೆ ಆಸ್ಟ್ರಿಯಾದ ಫಾರ್ಮುಲಾ ಒನ್ ಚಾಲಕ ನಿಕಿ ಲೌಡಾ. ನಿಮ್ಮ ಮಗನಿಗೆ ಈ ಹೆಸರು ಗೊತ್ತಿರುತ್ತದೆ. 1975ರಲ್ಲಿ ಆಗಿನ 22.8 ಕಿಲೋಮೀಟರಿನ ಸುತ್ತನ್ನು ಏಳು ನಿಮಿಷದೊಳಗೆ ಮುಗಿಸಿದ ಮೊದಲಿಗರು ಅವರು. ಮರುವರ್ಷ ಅದೇ ಲೌಡಾ ಉಳಿದ ಚಾಲಕರನ್ನು ಕೂರಿಸಿಕೊಂಡು, ಇಲ್ಲಿ ರೇಸ್ ಬೇಡ ಎಂದರು. ಹೆಚ್ಚಿನವರು ಒಪ್ಪಲಿಲ್ಲ. 1976ರ ಆಗಸ್ಟ್ 1. ಎರಡನೇ ಸುತ್ತಿನಲ್ಲಿ ಬೆರ್ಗ್‌ವೆರ್ಕ್ ಎಂಬ ತಿರುವಿಗೆ ಸ್ವಲ್ಪ ಮೊದಲು ಅವರ ಫೆರಾರಿ ಕಾರು ದಾರಿ ತಪ್ಪಿ ಬದಿಗೆ ಬಡಿದು ಬೆಂಕಿ ಹತ್ತಿಕೊಂಡಿತು. ಹಿಂದಿನಿಂದ ಬಂದ ಚಾಲಕರು ಅರ್ತುರೊ ಮೆರ್ಜಾರಿಯೊ, ಗೈ ಎಡ್ವರ್ಡ್ಸ್, ಬ್ರೆಟ್ ಲಂಗರ್, ಹರಾಲ್ಡ್ ಎರ್ಟ್ಲ್ ತಮ್ಮ ಕಾರಿನಿಂದ ಇಳಿದು ಅವರನ್ನು ಎಳೆದು ಹೊರತೆಗೆದರು. ಅಷ್ಟು ಉದ್ದದ ಟ್ರ್ಯಾಕಿನಲ್ಲಿ ಎಲ್ಲ ಕಡೆಗೂ ಬೇಗ ಜನ ತಲುಪುವುದು ಸಾಧ್ಯವಿರಲಿಲ್ಲ. ಲೌಡಾ ಬದುಕಿದರು. ಆರು ವಾರಕ್ಕೆ ಇಟಲಿಯ ಮೊಂಜಾದಲ್ಲಿ ಓಡಿಸಿ ನಾಲ್ಕನೆಯವರಾಗಿ ಬಂದರು. ಫಾರ್ಮುಲಾ ಒನ್ ಮಾತ್ರ ಆ ಕಾಡಿನ ಸುತ್ತಿಗೆ ಮತ್ತೆಂದೂ ಬರಲಿಲ್ಲ. 1984ರಲ್ಲಿ ಪಕ್ಕದಲ್ಲೇ ಸುಮಾರು ನಾಲ್ಕೂವರೆ ಕಿಲೋಮೀಟರಿನ ಹೊಸ ಟ್ರ್ಯಾಕ್ ಕಟ್ಟಿದರು.

ನಿಮ್ಮ ಮಗ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ರಸ್ತೆಯಲ್ಲಿ ಎಲ್ಲರಿಗಿಂತ ವೇಗವಾಗಿ ಹೋದವರೇ ಅಲ್ಲಿ ರೇಸ್ ಬೇಡ ಎಂದರು. ಅವರು ಹೆದರುಪುಕ್ಕಲರಲ್ಲ. ವೇಗ ಏನು ಮಾಡುತ್ತದೆ ಎಂಬುದು ಅವರಿಗೆ ಲೆಕ್ಕ ಸಮೇತ ಗೊತ್ತಿತ್ತು.

‘ಟಿಕೆಟ್ ತೆಗೆದುಕೊಂಡರೆ ಯಾರು ಬೇಕಾದರೂ’ ಎಂಬ ಮಾತಿಗೆ ಬರೋಣ. ಇದು ಅರ್ಧ ನಿಜ. ವರ್ಷದಲ್ಲಿ ಗೊತ್ತುಮಾಡಿದ ದಿನಗಳಲ್ಲಿ ಸಾರ್ವಜನಿಕರಿಗೆ ಬಿಡುತ್ತಾರೆ. ಸುತ್ತಿನ ಲೆಕ್ಕದಲ್ಲಿ ಹಣ. ಆದರೆ ಆ ಹೊತ್ತಿನಲ್ಲಿ ಅದು ರೇಸ್ ಟ್ರ್ಯಾಕ್ ಅಲ್ಲ. ಟೋಲ್ ಕೊಟ್ಟು ಹೋಗುವ ಏಕಮುಖ ರಸ್ತೆ. ಜರ್ಮನಿಯ ಸಂಚಾರ ನಿಯಮವೇ ಅಲ್ಲೂ ನಡೆಯುತ್ತದೆ. ಎಡಗಡೆಯಿಂದ ಮಾತ್ರ ಓವರ್‌ಟೇಕ್. ಟೈಮ್ ಹಿಡಿಯುವ ಹಾಗಿಲ್ಲ. ಸರಿಯಾಗಿ ಕೇಳಿಸಿಕೊಳ್ಳಿ, ನ್ಯೂರ್ಬರ್ಗ್‌ರಿಂಗಿನಲ್ಲೇ ಸಾರ್ವಜನಿಕರು ಟೈಮ್ ಹಿಡಿಯುವ ಹಾಗಿಲ್ಲ. ನಿಮ್ಮ ಮಗ ಮತ್ತು ಗೆಳೆಯರು ದೇವಿಮನೆಯಲ್ಲಿ ಅದನ್ನೇ ಮಾಡುತ್ತಿದ್ದಾರೆ.

ಇನ್ನೊಂದು ವಿಷಯ ಅವನಿಗೆ ಗೊತ್ತಿದೆಯೋ ಇಲ್ಲವೋ. 2025ರಿಂದ ಈ ಸಾರ್ವಜನಿಕ ಓಟಕ್ಕೆ ಬೈಕ್ ಬಿಡುವುದನ್ನು ನಿಲ್ಲಿಸಿದ್ದಾರೆ. ಕಾರು ಮತ್ತು ಬೈಕು ಒಟ್ಟಿಗೆ ಅಷ್ಟು ವೇಗದಲ್ಲಿ ಓಡುವುದು ಸರಿಹೋಗುವುದಿಲ್ಲ ಎಂಬುದು ಅಲ್ಲಿ ಓಡಿಸಿದ ನಮಗೆಲ್ಲ ಗೊತ್ತಿದ್ದದ್ದೇ. ಬೈಕಿನವರಿಗೆ ಈಗ ಇರುವ ದಾರಿ ಬೈಕಿಗೆಂದೇ ನಡೆಸುವ ತರಬೇತಿ.

ಹಣದ ವಿಷಯ ಜನ ಯೋಚಿಸುವುದೇ ಇಲ್ಲ. ಮಾಮೂಲಿ ಬಾಡಿಗೆ ಕಾರಿನ ಕರಾರಿನಲ್ಲಿ ರೇಸ್ ಟ್ರ್ಯಾಕಿಗೆ ಒಯ್ಯಬಾರದು ಎಂದಿರುತ್ತದೆ. ಅಲ್ಲಿಗೆಂದೇ ಕಾರು ಬಾಡಿಗೆ ಕೊಡುವವರು ಬೇರೆ ಇದ್ದಾರೆ. ಅವರಲ್ಲೂ ಗುದ್ದಿದರೆ ದೊಡ್ಡ ಮೊತ್ತ ನಾವೇ ಭರಿಸಬೇಕು. ತಡೆಪಟ್ಟಿ ಹಾಳಾದರೆ ಅದರ ದುಡ್ಡು, ಗಾಡಿ ಎಳೆದೊಯ್ದ ದುಡ್ಡು, ಟ್ರ್ಯಾಕ್ ಮುಚ್ಚಬೇಕಾಗಿ ಬಂದರೆ ಅದರದ್ದೂ ಬರುತ್ತದೆ. ಇದು ನನಗೆ ಅನುಭವದಿಂದ ಗೊತ್ತು. ಮೂರನೇ ವರ್ಷ, ಒಂದು ಅಕ್ಟೋಬರಿನ ಬೆಳಿಗ್ಗೆ. ಮೇಲೆ ರಸ್ತೆ ಒಣಗಿತ್ತು. ಕೆಳಗಿನ ಕಾಡಿನಲ್ಲಿ ಒಂದು ತಿರುವಿಗೆ ಬಿಸಿಲು ಬಿದ್ದಿರಲಿಲ್ಲ. ಒದ್ದೆ ಎಲೆ ಅಂಟಿಕೊಂಡಿತ್ತು. ಆ ತಿರುವು ನನಗೆ ಬಾಯಿಪಾಠ ಎಂದುಕೊಂಡಿದ್ದೆ. ಹಿಂಬದಿ ಚಕ್ರ ಜಾರಿತು, ಕಾರಿನ ಬದಿ ಪೂರ್ತಿ ತಡೆಪಟ್ಟಿಗೆ ಉಜ್ಜಿತು. ನನಗೇನೂ ಆಗಲಿಲ್ಲ. ಬಿಲ್ಲು ತೀರಿಸಲು ತಿಂಗಳುಗಳೇ ಹಿಡಿದವು. ನನ್ನ ಹಿಂದೆ ಬರುತ್ತಿದ್ದ ಗಾಡಿಗಳಿಗೆ ಹಳದಿ ಬಾವುಟ ತೋರಿಸಲು ಅಲ್ಲಿ ಒಬ್ಬರು ನಿಂತಿದ್ದರು. ಇಲ್ಲದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ಆ ಬಾವುಟದ ಬಗ್ಗೆ ಸ್ವಲ್ಪ ಹೇಳಬೇಕು. ಟ್ರ್ಯಾಕಿನಲ್ಲಿ ಮುಂದೆ ಅಪಾಯ ಇದ್ದರೆ ಹಳದಿ ಬಾವುಟ. ಎಣ್ಣೆ ಚೆಲ್ಲಿದ್ದರೆ, ರಸ್ತೆ ಜಾರುತ್ತಿದ್ದರೆ ಹಳದಿಯ ಮೇಲೆ ಕೆಂಪು ಪಟ್ಟೆ. ನಿಲ್ಲಲೇಬೇಕು ಎಂದರೆ ಕೆಂಪು. ನಮ್ಮ ಘಟ್ಟದಲ್ಲಿ ಇದಕ್ಕೆ ಏನಿದೆ? ಲಾರಿ ಕೆಟ್ಟು ನಿಂತರೆ ಕ್ಲೀನರ್ ಇಳಿದು ಸೊಪ್ಪಿನ ಕೊಂಬೆ ಮುರಿದು ರಸ್ತೆಗೆ ಹಾಕುತ್ತಾನೆ, ಎರಡು ಕಲ್ಲು ಇಡುತ್ತಾನೆ. ಹಸಿರು ಕೊಂಬೆ ಕಂಡ ಕೂಡಲೇ ನಾವು ವೇಗ ಇಳಿಸುತ್ತೇವೆ. ಇದು ಒಳ್ಳೆಯ ಪದ್ಧತಿ, ಎಷ್ಟೋ ಜೀವ ಉಳಿಸಿದೆ. ಆದರೆ ಅದು ನಿಧಾನ ಹೋಗುವವರಿಗಾಗಿ ಇರುವ ಬಾವುಟ. ತಿರುವಿನಲ್ಲಿ ಬಗ್ಗಿಕೊಂಡು ವೇಗವಾಗಿ ಬರುವ ಬೈಕಿಗೆ ಆ ಕೊಂಬೆಯೇ ಜಾರುವ ವಸ್ತು.

ಇನ್ನು ಗೇಮ್. ‘ಗೇಮಿನಲ್ಲಿ ಟ್ರ್ಯಾಕ್ ಪೂರ್ತಿ ಬಾಯಿಪಾಠ ಆಗಿದೆ’ ಎಂದು ಅವನು ಹೇಳಿದರೆ ನಂಬಿ. ಸುಳ್ಳಲ್ಲ. ಒಳ್ಳೆಯ ಸಿಮ್ಯುಲೇಟರಿನಲ್ಲಿ ಯಾವ ತಿರುವಿನ ನಂತರ ಯಾವುದು, ಎಲ್ಲಿ ಬ್ರೇಕ್ ಹಿಡಿಯಬೇಕು ಎಂಬುದು ನಿಜವಾಗಿ ಕಲಿಯಬಹುದು. ವೃತ್ತಿಪರ ಚಾಲಕರೂ ಬಳಸುತ್ತಾರೆ. ಟಯರು ಹಿಡಿತ ಬಿಡುವ ಮುನ್ನ ಸೀಟಿನ ಮೂಲಕ ಸೊಂಟಕ್ಕೆ ಬರುವ ಸುಳಿವು ಮಾತ್ರ ಅದರಲ್ಲಿ ಸಿಗುವುದಿಲ್ಲ. ಹೆದರಿಕೆಯೂ ಇಲ್ಲ. ಗುದ್ದಿದರೆ ಒಂದು ಗುಂಡಿ ಒತ್ತಿ ಮತ್ತೆ ಶುರು. ಸಬೀನ್ ಷ್ಮಿಟ್ಸ್ ಎಂಬ ಚಾಲಕಿ ಇದ್ದರು. ಹುಟ್ಟಿದ್ದು ಆಡೆನೌನಲ್ಲಿ, ಬೆಳೆದದ್ದು ಟ್ರ್ಯಾಕಿನ ಪಕ್ಕದ ನ್ಯೂರ್ಬರ್ಗ್‌ನಲ್ಲಿ. 1996 ಮತ್ತು 1997ರಲ್ಲಿ ಅಲ್ಲಿನ 24 ಗಂಟೆಯ ರೇಸನ್ನು ಗೆದ್ದ ತಂಡದಲ್ಲಿದ್ದರು. ಪ್ರವಾಸಿಗರನ್ನು ಕೂರಿಸಿಕೊಂಡು ಟ್ರ್ಯಾಕ್ ಸುತ್ತಿಸುವ ‘ರಿಂಗ್ ಟ್ಯಾಕ್ಸಿ’ಯನ್ನೂ ವರ್ಷಗಟ್ಟಲೆ ಓಡಿಸಿದರು. 2021ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮೊದಲ ತಿರುವಿಗೆ ಈಗ ಅವರ ಹೆಸರಿದೆ. ಅಂಥ ಪರಿಚಯ ಬರಲು ಅವರಿಗೆ ಸಾವಿರಾರು ಸುತ್ತು ಬೇಕಾಯಿತು.

ಈಗ ದೇವಿಮನೆ. ‘ದೇವಿಮನೆ ಓಡಿಸಿದವ ಎಲ್ಲಿ ಬೇಕಾದರೂ ಓಡಿಸುತ್ತಾನೆ’ ಎಂಬ ಮಾತು ನಮ್ಮಲ್ಲಿ ಇದೆ. ಘಟ್ಟ ಓಡಿಸುವುದು ದೊಡ್ಡ ಕಸುಬೇ ಹೌದು. ನಮ್ಮ ಬಸ್ ಚಾಲಕರ ಮೇಲೆ ನನಗೆ ಬಹಳ ಗೌರವ ಇದೆ. ಆದರೆ ಆ ಕಸುಬು ಬೇರೆ. ತಿರುವಿಗೆ ಮೊದಲು ಹಾರ್ನ್ ಹಾಕುವುದು, ಏರುವ ಗಾಡಿಗೆ ದಾರಿ ಬಿಡುವುದು, ಬ್ರೇಕ್ ಕಾಯದ ಹಾಗೆ ಗೇರಿನಲ್ಲೇ ಇಳಿಸುವುದು, ಎದುರಿನವನು ತಪ್ಪು ಮಾಡುತ್ತಾನೆ ಎಂದುಕೊಂಡೇ ತಿರುಗಿಸುವುದು. ರೇಸಿನಲ್ಲಿ ಕಲಿಸುವುದು ಇದಕ್ಕೆ ತದ್ವಿರುದ್ಧ. ರಸ್ತೆಯ ಪೂರ್ತಿ ಅಗಲ ಬಳಸು, ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ಹೋಗು ಎನ್ನುತ್ತಾರೆ. ಎದುರಿನಿಂದ ಯಾರೂ ಬರುವುದಿಲ್ಲ ಎಂಬ ಭರವಸೆಯ ಮೇಲೆ ನಿಂತ ವಿದ್ಯೆ ಅದು. ದೇವಿಮನೆಯಲ್ಲಿ ಆ ಗೆರೆ ಹಿಡಿದರೆ ತಿರುವಿನ ನಡುವೆ ಎದುರಿನವರ ಪಾಲಿನ ರಸ್ತೆಯಲ್ಲಿ ಇರುತ್ತೀರಿ. ಅಲ್ಲಿಗೆ ಕುಮಟಾದಿಂದ ಮೀನಿನ ಗಾಡಿ ಹತ್ತುತ್ತಿರುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಅವನು ಎಂಜಿನಿಯರ್ ಆಗಿದ್ದರೆ ತಾನೇ ತಾಳೆ ನೋಡಲಿ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಹಿಡಿಯಿರಿ. ಆಗಲೇ 17 ಮೀಟರ್ ಹೋಯಿತು. ಒಣ ಡಾಂಬರಿನಲ್ಲಿ ನಿಲ್ಲಲು ಇನ್ನೂ 20 ಮೀಟರ್ ಬೇಕು. ಮಳೆ ನೀರು, ಹಾವಸೆ ಇದ್ದು ಹಿಡಿತ ಅರ್ಧಕ್ಕೆ ಇಳಿದರೆ 40 ಮೀಟರ್. ಒಟ್ಟು 57. ವೇಗ 80 ಆದರೆ ಅದೇ ಒದ್ದೆ ರಸ್ತೆಯಲ್ಲಿ ನಿಲ್ಲಲು 94 ಮೀಟರ್. ವೇಗ ದುಪ್ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟು, ಅದಕ್ಕೇ ಹೀಗೆ. ದೇವಿಮನೆಯ ಕುರುಡು ತಿರುವಿನಲ್ಲಿ ನಿಂತು ಅವನೇ ಹೆಜ್ಜೆ ಹಾಕಿ ಅಳೆಯಲಿ, ಎಷ್ಟು ದೂರ ಕಾಣುತ್ತದೆ ಅಂತ. ಮೂವತ್ತು ಮೀಟರ್ ಕಂಡರೆ ಹೆಚ್ಚು. ಮಂಜಿದ್ದರೆ ಅದೂ ಇಲ್ಲ. ಕೌಶಲ ಎಷ್ಟೇ ಇರಲಿ, ಕಾಣದ ಜಾಗದಲ್ಲಿರುವುದಕ್ಕೆ ಬ್ರೇಕ್ ಹಿಡಿಯಲು ಯಾರಿಂದಲೂ ಆಗುವುದಿಲ್ಲ.

ಇದರ ಮೇಲೆ ಮಳೆಗಾಲ. ಹಿಂದಿನ ವಾರ ಚೊಕ್ಕಟವಾಗಿದ್ದ ತಿರುವಿನಲ್ಲಿ ಈ ವಾರ ಧರೆ ಜರಿದು ಮಣ್ಣು ಬಂದಿರುತ್ತದೆ. ಟ್ಯಾಂಕ್ ತುಂಬಿಸಿಕೊಂಡ ಲಾರಿ ತಿರುವಿನಲ್ಲಿ ವಾಲಿದಾಗ ಡೀಸೆಲ್ ಚೆಲ್ಲುತ್ತದೆ. ಮಳೆ ಹನಿಯ ಜೊತೆ ಅದು ಸೇರಿದರೆ ಬೈಕಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ದನ ಮಲಗಿರುತ್ತವೆ. ರಸ್ತೆ ಅಗಲ ಮಾಡುವ ಕೆಲಸದ ಜಲ್ಲಿ ಬಿದ್ದಿರುತ್ತದೆ. ಟ್ರ್ಯಾಕಿನಲ್ಲಿ ದಿನದ ಮೊದಲು ಯಾರಾದರೂ ಸುತ್ತಿ ನೋಡಿ ಬರುತ್ತಾರೆ. ದೇವಿಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಸುತ್ತಿ ನೋಡುವವನು ನಿಮ್ಮ ಮಗನೇ.

ಬಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ನಿಮ್ಮನ್ನು ಹೆದರಿಸಲು ಅಲ್ಲ. ಟ್ರ್ಯಾಕಿನಲ್ಲಿ ಆಂಬುಲೆನ್ಸ್ ಅಲ್ಲೇ ಕಾಯುತ್ತಿರುತ್ತದೆ. ಘಟ್ಟದಲ್ಲಿ ಎಷ್ಟೋ ಕಡೆ ಫೋನಿಗೆ ಸಿಗ್ನಲ್ಲೇ ಇಲ್ಲ. ಕುಮಟಾಕ್ಕೋ ಶಿರಸಿಗೋ ತಲುಪಿದರೂ, ತಲೆಗೆ ದೊಡ್ಡ ಪೆಟ್ಟಾಗಿದ್ದರೆ ಅಲ್ಲಿಂದ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ. ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಎಂದು ಜನ ವರ್ಷಗಳಿಂದ ಕೇಳುತ್ತಿರುವುದು ಸುಮ್ನೆ ಅಲ್ಲ. ಲೌಡಾರನ್ನು ಎಳೆದು ತೆಗೆಯಲು ಹಿಂದೆ ನಾಲ್ಕು ಜನ ಬರುತ್ತಿದ್ದರು. ಇವನ ಹಿಂದೆ ಬರುವವರು ಇಬ್ಬರು ಗೆಳೆಯರು, ಅವರೂ ಅದೇ ವೇಗದಲ್ಲಿ.

ಕಾನೂನಿನ ಮಾತು ಚಿಕ್ಕದು. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡುವುದು, ವೇಗದ ಪರೀಕ್ಷೆ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ವಿಮೆಯ ಪಾಲಿಸಿಯಲ್ಲೂ ರೇಸ್, ವೇಗದ ಪರೀಕ್ಷೆಗೆ ಹಣ ಕೊಡುವುದಿಲ್ಲ ಎಂದು ಬರೆದಿರುತ್ತದೆ. ಫೋನಿನಲ್ಲಿ ಉಳಿದ ಟೈಮಿನ ದಾಖಲೆ ಅವನ ವಿರುದ್ಧವೇ ಸಾಕ್ಷಿ ಆಗಬಹುದು.

ಹಾಗಾದರೆ ಏನು ಮಾಡಬಹುದು? ಬೈಕ್ ಆಸೆ ಬಿಡು ಎಂದರೆ ಅವನು ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಅದು ಕೆಟ್ಟ ಆಸೆ ಅಲ್ಲ.

ನಾನು ಮೊದಲು ಹೇಳುವುದು ತಮಿಳುನಾಡು. ಚೆನ್ನೈ ಹತ್ತಿರ ಶ್ರೀಪೆರಂಬದೂರಿನ ಕಡೆ ಇರುಂಗಾಟ್ಟುಕೋಟ್ಟೈನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕ್ ಇದೆ. 1990ರಲ್ಲಿ ಶುರುವಾದದ್ದು, ಪೂರ್ತಿ ಸುತ್ತು 3.7 ಕಿಲೋಮೀಟರ್. ಅದಕ್ಕೂ ಮೊದಲು ಆ ಕ್ಲಬ್ಬಿನವರು ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ ರೇಸ್ ನಡೆಸುತ್ತಿದ್ದರು. ಕೊಯಮತ್ತೂರು ಹತ್ತಿರ ಚೆಟ್ಟಿಪಾಳ್ಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಸುತ್ತು ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ರೇಸ್ ಕಾರು ಕಟ್ಟುತ್ತಿದ್ದ ಎಸ್. ಕರಿವರ್ಧನ್ ಅವರ ನೆನಪಿನ ಹೆಸರು ಅದು. ಇಲ್ಲೆಲ್ಲ ಬೈಕ್ ಕಂಪನಿಗಳೂ ತರಬೇತಿ ಶಾಲೆಗಳೂ ಒಂದೆರಡು ದಿನದ ಪಾಠ ನಡೆಸುತ್ತವೆ. ಕೆಲವು ಕಡೆ ಬೈಕು, ಚರ್ಮದ ಸೂಟು ಅವರೇ ಕೊಡುತ್ತಾರೆ. ಜರ್ಮನಿಗೆ ಕೂಡಿಟ್ಟ ಹಣದ ಸಣ್ಣ ಪಾಲು ಸಾಕು. ಇಲ್ಲಿ ಅಪಾಯ ಇಲ್ಲವೆಂದಲ್ಲ. ಟ್ರ್ಯಾಕಿನಲ್ಲೂ ಬೀಳುತ್ತಾರೆ, ಕೈ ಮುರಿದುಕೊಳ್ಳುತ್ತಾರೆ. ಸ್ವಂತ ಬೈಕಾದರೆ ರಿಪೇರಿ ಖರ್ಚು ಕೈಯಿಂದಲೇ. ಇನ್ನೊಂದು ಅಪಾಯ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಎರಡು ದಿನ ಕಲಿತು ಬಂದವನಿಗೆ ಊರಿನ ರಸ್ತೆಯಲ್ಲಿ ಧೈರ್ಯ ಜಾಸ್ತಿ ಆಗುತ್ತದೆ. ಹೋಗುವ ಮೊದಲೇ ಈ ಮಾತು ಆಡಿಕೊಳ್ಳಿ.

ಎರಡನೆಯದು ಜರ್ಮನಿಯೇ. ಹೋಗಲಿ, ನೋಡಲೇಬೇಕಾದ ಜಾಗ. ಆದರೆ ಇಲ್ಲಿ ಟ್ರ್ಯಾಕಿನ ಮೇಲೆ ನಾಲ್ಕಾರು ದಿನವಾದರೂ ಕಳೆದ ಮೇಲೆ. ಮೊದಲ ಸುತ್ತು ಅಲ್ಲಿನ ಅನುಭವಿ ಚಾಲಕರ ಪಕ್ಕದ ಸೀಟಿನಲ್ಲಿ ಕೂತು ನೋಡಲಿ. ಆಮೇಲೆ ಓಡಿಸುವುದಾದರೆ ಅಲ್ಲಿಗೆಂದೇ ಬಾಡಿಗೆ ಕೊಡುವವರ ಸಣ್ಣ ಕಾರು ಸಾಕು. ಜೋರು ಕಾರು ಬೇಡವೇ ಬೇಡ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇಲ್ಲಿನ ಆರ್‌ಟಿಒದಲ್ಲೇ ಸಿಗುತ್ತದೆ. ಮಳೆ ಬಂದರೆ ಟಿಕೆಟ್ ಹೋದರೂ ಪರವಾಗಿಲ್ಲ, ಟ್ರ್ಯಾಕಿಗೆ ಇಳಿಯದೇ ಬರಲಿ.

ದೇವಿಮನೆಗೆ ಹೋಗುವುದನ್ನು ಬಿಡಬೇಕಾಗಿಲ್ಲ, ಟೈಮ್ ಹಿಡಿಯುವುದನ್ನು ಬಿಡಬೇಕು. ಬೆಳಕು ಹರಿದ ಮೇಲೆ ಹೋಗಲಿ. ಕಾಣುವಷ್ಟು ದೂರದೊಳಗೆ ನಿಲ್ಲಲು ಆಗುವ ವೇಗ ಇಟ್ಟುಕೊಳ್ಳಲಿ. ಅಲ್ಲಿ ಅದು ಗಂಟೆಗೆ 30, 35 ಇರಬಹುದು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದರೆ ಗೆರೆ ಚೆನ್ನಾಗಿದ್ದರೂ ನಾನಾದರೆ ಬದಲಿಸುತ್ತೇನೆ. ರಬ್ಬರು ಗಟ್ಟಿಯಾಗಿ ಒದ್ದೆಯಲ್ಲಿ ಹಿಡಿಯುವುದಿಲ್ಲ.

ಕೊನೆಗೆ ನಿಮ್ಮ ಕೀಲಿಯ ಪ್ರಶ್ನೆ. ಬಚ್ಚಿಡಬೇಡಿ. ಬಚ್ಚಿಟ್ಟರೆ ಗೆಳೆಯನ ಬೈಕ್ ತೆಗೆದುಕೊಂಡು ಹೋಗುತ್ತಾನೆ. ಅದರ ಬ್ರೇಕ್ ಎಷ್ಟು ಹಿಡಿಯುತ್ತದೆ, ಟಯರ್ ಹೇಗಿದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಅದಕ್ಕಿಂತ ಈ ಭಾನುವಾರ ಅವನ ಬೈಕಿನ ಹಿಂದೆ ನೀವೇ ಕೂತು ದೇವಿಮನೆಗೆ ಹೋಗಿ. ಒಂದು ಕುರುಡು ತಿರುವಿಗೆ ಸಾಕಷ್ಟು ಮೊದಲೇ, ರಸ್ತೆಯಿಂದ ಪೂರ್ತಿ ಹೊರಗೆ ಬೈಕ್ ನಿಲ್ಲಿಸಿ ಇಳಿಯಿರಿ. ಇಬ್ಬರೂ ಅರ್ಧ ಗಂಟೆ ಬದಿಯಲ್ಲಿ ನಿಂತು ಬಸ್ಸು, ಲಾರಿ ಹೇಗೆ ತಿರುಗುತ್ತವೆ, ರಸ್ತೆಯ ಎಷ್ಟು ಅಗಲ ತೆಗೆದುಕೊಳ್ಳುತ್ತವೆ ಎಂದು ನೋಡಿ. ನೀವು ಬಾಯಿ ಬಿಟ್ಟು ಏನೂ ಹೇಳುವುದು ಬೇಡ. ಅವನಿಗೆ ಆಮೇಲೂ ಚೆನ್ನೈಗೆ ಹೋಗುವ ಮನಸ್ಸಿದ್ದರೆ, ಯಾವ ತರಬೇತಿ ಸೇರಬೇಕು, ಬೈಕಿಗೆ ಏನೇನು ಸಿದ್ಧ ಮಾಡಬೇಕು ಎಂದು ನನಗೆ ಅವನೇ ಬರೆಯಲಿ. ಬೈಕ್ ಯಾವುದು, ಟಯರಿನ ಆ ನಾಲ್ಕು ಅಂಕಿ ಏನು ಎಂಬುದನ್ನೂ ಬರೆಯಲಿ.